ಅಡುಗೆಯವರು ಬೇಕಾಗಿದ್ದಾರೆ

ಸೆಪ್ಟೆಂಬರ್ 6, ಶನಿವಾರ

ಪ್ರತಿ ಶನಿವಾರ ತುಮಕೂರಿನಿಂದ ಮೀನಾ ಮೇಡಂ ಬರುತ್ತಾರೆ, ಬಿ.ಕಾಂ. ಮೊದಲ ವರ್ಷದವರಿಗೆ ಇಂಟರ್‌ವ್ಯೂ ಎದುರಿಸುವುದನ್ನು ಕಲಿಸಲು. ಡಿಗ್ರಿ ಮುಗಿಯಲು ಇನ್ನೂ ಮೂರು ವರ್ಷ ಇದೆ. ಹೆದರಿಕೆಗೆ ಮಾತ್ರ ಅಡ್ವಾನ್ಸ್ ಬುಕಿಂಗ್. ಇವತ್ತು ನನ್ನನ್ನೇ ನೋಡಿ "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಎಂದರು.

ಎದ್ದು ನಿಂತೆ. ಶಶಿ ಎಂದೆ. ಮುಂದಕ್ಕೆ ಬ್ಲ್ಯಾಂಕ್. ಏನೂ ಹೊಳೆಯದೆ ರಿಜಿಸ್ಟರ್ ನಂಬರ್ ಹೇಳಿದೆ. ಅದೂ ಮುಗಿಯಿತು. ಆರನೇ ಕ್ಲಾಸಿನಿಂದ ಬೇರೆ ಬೇರೆ ಹಾಸ್ಟೆಲುಗಳಲ್ಲೇ ಬೆಳೆದವನು ನಾನು. ಹೆಸರು ಕರೆದರೆ "ಪ್ರೆಸೆಂಟ್ ಸಾರ್" ಎಂದು ಕೂತುಬಿಡುವುದಷ್ಟೇ ಅಭ್ಯಾಸ. ಕೂತುಬಿಟ್ಟೆ. ಕ್ಲಾಸು ನಕ್ಕಿತು. ಮೇಡಂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಆಮೇಲೆ ಎಲಿವೇಟರ್ ಪಿಚ್ ಅಂತ ಹೇಳಿಕೊಟ್ಟರು. ಲಿಫ್ಟಿನಲ್ಲಿ ದೊಡ್ಡ ಆಫೀಸರ್ ಸಿಕ್ಕಿದರೆ ಅವರು ಇಳಿಯುವಷ್ಟರಲ್ಲಿ ನಮ್ಮ ಬಗ್ಗೆ ಹೇಳಿ ಮುಗಿಸಬೇಕಂತೆ. ನನ್ನ ರೂಂಮೇಟ್ ಸಿದ್ದಾರ್ಥ್ ಕೈ ಎತ್ತಿದ. "ಮೇಡಂ, ತಿಪಟೂರಲ್ಲಿ ಲಿಫ್ಟ್ ಎಲ್ಲಿ ಹುಡುಕೋದು? ಬಸ್ಸಲ್ಲಿ ಹೇಳಬಹುದಾ? ಕಿಬ್ಬನಹಳ್ಳಿ ಕ್ರಾಸ್‌ವರೆಗೂ ಟೈಮ್ ಇರುತ್ತೆ." ಅವನಿಗೆ ಇಂಥದ್ದೆಲ್ಲ ಎಲ್ಲಿಂದ ಹೊಳೆಯುತ್ತದೋ! ಅವನ ಊರು ತುರುವೇಕೆರೆ. ಅಲ್ಲಿನ ನೀರೇ ಹಾಗಿರಬೇಕು.

ಸಂಜೆ ಇನ್ನೊಂದು ಕೆಟ್ಟ ಸುದ್ದಿ. ನಮ್ಮ ಹಾಸ್ಟೆಲಿನ ಅಡುಗೆಯ ಹುಚ್ಚಕ್ಕ ಮುದ್ದೆ ಬಡಿಸುತ್ತಾ ಬಡಿಸುತ್ತಾ, "ಇವತ್ತು ಕಡೇದು ಕಣ್ರಪ್ಪ, ನಾಳೆಯಿಂದ ನಾನು ಬರಾಕಿಲ್ಲ" ಎಂದರು. ಕಿಬ್ಬನಹಳ್ಳಿ ಹತ್ತಿರ ಹೊಸದಾಗಿ ಆಗಿರುವ ಕಾಯಿಪುಡಿ ಫ್ಯಾಕ್ಟರಿಯ ಕ್ಯಾಂಟೀನಿಗೆ ಸೇರಿದ್ದಾರಂತೆ. ವಾರ್ಡನ್ ಅಣ್ಣಯ್ಯ ಸಾರ್ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಬಿತ್ತು. ಹುಚ್ಚಕ್ಕ ಹತ್ತು ವರ್ಷಕ್ಕೂ ಮೇಲೆ ಇದ್ದವರು. ನಾವೆಲ್ಲ ಇನ್ನೊಂದು ಸಲ ಸಾರು ಹಾಕಿಸಿಕೊಂಡೆವು.

ಸೆಪ್ಟೆಂಬರ್ 8, ಸೋಮವಾರ

ನಿನ್ನೆಯಿಂದ ಮೂರೂ ಹೊತ್ತು ಚಿತ್ರಾನ್ನ. ಮಾಡುವವರು ನಾವೇ. ಬೆಳಗಿನದಕ್ಕೆ ಉಪ್ಪಿಲ್ಲ, ಮಧ್ಯಾಹ್ನದ್ದಕ್ಕೆ ಬೆಳಗಿನ ಉಪ್ಪೂ ಸೇರಿದೆ.

ಅಣ್ಣಯ್ಯ ಸಾರ್ ನನ್ನನ್ನು ಆಫೀಸಿಗೆ ಕರೆಸಿದರು.

"ಏನಯ್ಯಾ ಶಶಿ, ಕಾಮರ್ಸ್ ಅಲ್ವೇ ನೀನು? ಅದೇನೋ ಕೆಲಸ ಕೊಡೋ ಕ್ಲಾಸಿಗೂ ಹೋಗ್ತೀಯಂತೆ."

"ಕೊಡೋದಲ್ಲ ಸಾರ್, ತಗೊಳ್ಳೋದು."

"ಎರಡೂ ಒಂದೇ ಟೇಬಲ್ ಕಣಯ್ಯ, ಕುರ್ಚಿ ಬೇರೆ ಅಷ್ಟೆ. ಅಡುಗೆಯೋರನ್ನ ಹುಡುಕೋ ಜವಾಬ್ದಾರಿ ನಿಂದು. ನಾನಂತೂ ಇನ್ನು ಯಾರ ಮನೆ ಬಾಗಿಲಿಗೂ ಹೋಗೋನಲ್ಲ. ಹೊಟ್ಟೆ ತುಂಬಾ ನಂಬಿದ್ದೆ ಆ ಹುಚ್ಚಕ್ಕನ್ನ."

ಹಾಸ್ಟೆಲ್ ನಡೆಸುವ ಟ್ರಸ್ಟಿನವರು ಆಗಲೇ ಹೇಳಿ ಕಳಿಸಿದ್ದಾರಂತೆ. ದಸರಾ ರಜಕ್ಕೆ ಬೀಗ ಹಾಕುವಷ್ಟರಲ್ಲಿ ಅಡುಗೆಯವರು ಸಿಗದಿದ್ದರೆ ಆ ಬೀಗ ಮತ್ತೆ ತೆಗೆಯುವುದಿಲ್ಲ. ಕಟ್ಟಡವನ್ನು ಕೊಬ್ಬರಿ ದಾಸ್ತಾನಿಗೆ ಬಾಡಿಗೆಗೆ ಕೊಡುತ್ತಾರೆ. ಅವರಲ್ಲೊಬ್ಬರು ಅಂದರಂತೆ, "ಕೊಬ್ಬರಿ ತಂಟೆ ಇಲ್ಲ ನೋಡ್ರಿ. ಉಪ್ಪು ಕಮ್ಮಿ ಅನ್ನಲ್ಲ."

ಸಿದ್ದಾರ್ಥನಿಗೇನು, ಹಾಸ್ಟೆಲ್ ಮುಚ್ಚಿದರೂ ತುರುವೇಕೆರೆಯಿಂದ ಬಸ್ಸಿನಲ್ಲಿ ಓಡಾಡಿಕೊಂಡು ಓದುತ್ತಾನೆ. ನಮ್ಮ ಹಟ್ಟಿ ಇರುವುದು ಹುಳಿಯಾರಿನಿಂದ ಆಚೆ. ಎರಡು ಬಸ್ಸು ಬದಲಾಯಿಸಿ, ಆಮೇಲೆ ನಡೆಯಬೇಕು. ಕಾಲೇಜು ಸೇರುವ ಹೊತ್ತಿಗೆ ಕಾಲೇಜು ಬಿಟ್ಟಿರುತ್ತದೆ. ಹಾಸ್ಟೆಲ್ ಇಲ್ಲ ಅಂದರೆ ನನಗೆ ಬಿ.ಕಾಂ. ಇಲ್ಲ. ಅಪ್ಪನ ಜೊತೆ ಕುರಿ ಹಿಂದೆ ಹೋಗೋಣವೆಂದರೆ, ಕುರಿಗಳಿಗೂ ನನ್ನ ಪರಿಚಯ ಇಲ್ಲ.

ಇಷ್ಟೆಲ್ಲ ಹೇಳಬೇಕು ಅಂದುಕೊಂಡೆ. "ಆಯ್ತು ಸಾರ್" ಎಂದು ಬಂದೆ.

ಸೆಪ್ಟೆಂಬರ್ 10, ಬುಧವಾರ

ಮೀನಾ ಮೇಡಂ ಕೊಟ್ಟ ನೋಟ್ಸ್ ನೋಡಿ ಒಂದು ಜಾಹೀರಾತು ಬರೆದೆ. ಚೆನ್ನಾಗಿಯೇ ಬಂದಿತ್ತು:

"ಸವಾಲುಗಳನ್ನು ಪ್ರೀತಿಸುವ, ಒತ್ತಡದಲ್ಲೂ ನಗುವ, ತಂಡವನ್ನು ಮುನ್ನಡೆಸಬಲ್ಲ ಉತ್ಸಾಹಿ ವ್ಯಕ್ತಿ ಬೇಕಾಗಿದ್ದಾರೆ. ಊಟ ಉಚಿತ."

ಬಸ್ ಸ್ಟ್ಯಾಂಡಿನ ಕಂಬಕ್ಕೆ, ಹಿಟ್ಟಿನ ಗಿರಣಿಗೆ, ರೇಷನ್ ಅಂಗಡಿಗೆ ಅಂಟಿಸಿ ಬಂದೆ. ಮಧ್ಯಾಹ್ನದಿಂದಲೇ ಫೋನು. ಮೊದಲನೆಯವನು ಕೇಳಿದ, "ಯಾವ ಪಾರ್ಟಿ ಸಾರ್?" ಎರಡನೆಯವನು, "ಕಬಡ್ಡಿಗಾ? ವಯಸ್ಸಿನ ಲಿಮಿಟ್ ಐತಾ?" ಮೂರನೆಯವನು ಏನೂ ಕೇಳದೆ "ಊಟ ಎಷ್ಟೊತ್ತಿಗೆ?" ಎಂದ.

ಸಿದ್ದಾರ್ಥ್ ಅದನ್ನು ಎರಡೆರಡು ಸಲ ಓದಿದ. "ಲೇ, ಅಡುಗೆ ಅನ್ನೋ ಪದಾನೇ ಇಲ್ವಲ್ಲೋ ಇದರಲ್ಲಿ!"

ಇರಲಿಲ್ಲ. ಅದನ್ನು ಬಿಟ್ಟು ಎಲ್ಲ ಇತ್ತು. ಸ್ಕೆಚ್ ಪೆನ್ ಹಿಡಿದು ಮತ್ತೆ ಊರೆಲ್ಲ ಸುತ್ತಿ, ಕೆಳಗೆ ದಪ್ಪ ಅಕ್ಷರದಲ್ಲಿ "ಅಡುಗೆಯವರು ಬೇಕಾಗಿದ್ದಾರೆ" ಎಂದು ಬರೆದೆ. ಗಿರಣಿಯವರು ಹೇಳಿದರು, "ಹಂಗಂತ ಮೊದ್ಲೇ ಬರ್ಯಾದಲ್ವೇನಪ್ಪ? ನಾನು ಯಾರೋ ಸ್ವಾಮಿಗಳು ಬೇಕೇನೋ ಅಂದ್ಕೊಂಡೆ."

ಸೆಪ್ಟೆಂಬರ್ 12, ಶುಕ್ರವಾರ

ಇಂಟರ್‌ವ್ಯೂ ನಡೆಯಿತು. ತೆಗೆದುಕೊಳ್ಳುವವನು ನಾನು, ಬೆವರಿದವನೂ ನಾನೇ. ಪ್ರಶ್ನೆಗಳನ್ನು ನಿನ್ನೆ ಇಡೀ ಸಂಜೆ ಬಾಯಿಪಾಠ ಮಾಡಿದ್ದೆ.

ಮೊದಲು ಬಂದವರು ತಿಪ್ಪಯ್ಯ, ಮದುವೆ ಅಡುಗೆಯವರು. ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಅವರದೇ ಸ್ವಂತ ಸೌಟು.

"ನಿಮ್ಮ ವೀಕ್‌ನೆಸ್ ಏನು?" ಎಂದು ಕೇಳಿದೆ.

"ಮೊಣಕಾಲು ಕಣಪ್ಪ. ಕುಂತ್ರೆ ಏಳಾಕಾಗಲ್ಲ."

"ಐದು ವರ್ಷ ಆದಮೇಲೆ ನಿಮ್ಮನ್ನ ನೀವು ಎಲ್ಲಿ ನೋಡ್ತೀರಿ?"

"ಕನ್ನಡೀಲಿ" ಎಂದು ನಕ್ಕು, "ಅಡುಗೆಮನೆ ಯಾವ ಕಡೆ?" ಎಂದು ಎದ್ದೇಬಿಟ್ಟರು.

ಅವರು ಒಳಗೆ ಹೋದಮೇಲೆ ಅಂಕಮ್ಮ ಬಂದರು. ಹಾಲ್ಕುರಿಕೆಯವರು, ಒಂದು ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರಂತೆ, ಮಕ್ಕಳು ಕಡಿಮೆಯಾಗಿ ಆ ಶಾಲೆ ಮುಚ್ಚಿತಂತೆ. ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನೂ ತುದಿಯಲ್ಲೇ ಕೂತಿದ್ದೆ. ಮೇಡಂ ಹೇಳಿಕೊಟ್ಟ ಅತಿ ಮುಖ್ಯ ಪ್ರಶ್ನೆಯನ್ನು ಕೇಳಿದೆ:

"ಈ ಕೆಲಸ ನಿಮಗೇ ಯಾಕೆ ಕೊಡಬೇಕು?"

ಅಂಕಮ್ಮ ಒಂದು ಗಳಿಗೆ ನನ್ನನ್ನೇ ನೋಡಿದರು. "ಕೊಡಬ್ಯಾಡ ಬುಡು" ಎಂದು ಎದ್ದರು. ನಾನು ಗೇಟಿನವರೆಗೂ ಹಿಂದೆ ಓಡಿ, "ಅದು ಹಂಗಲ್ಲ, ಅದು ಎಲ್ಲರನ್ನೂ ಕೇಳೋ ಪ್ರಶ್ನೆ" ಎಂದೆ.

"ಮನೆಗೆ ಬಂದೋರಿಗೆ ಯಾಕೆ ಬಂದೆ ಅಂತ ಎಲ್ಲಾರ್ನೂ ಕೇಳ್ತೀಯಾ? ಒಳ್ಳೆ ಮನೆ ಬುಡಪ್ಪ" ಎಂದು ಹೋದರು.

ಮನಸ್ಸಿಗೆ ಒಂಥರಾ ಆಯಿತು. ಆದರೆ ಅಷ್ಟರಲ್ಲಿ ಅಡುಗೆಮನೆಯಿಂದ ವಾಸನೆ ಬಂತು. ತಿಪ್ಪಯ್ಯ ಯಾರನ್ನೂ ಕೇಳದೆ ಕಾಯಿ ಒಡೆದು, ರುಬ್ಬಿ, ಹುಳಿ ಕುದಿಸಿಬಿಟ್ಟಿದ್ದರು. ಅಣ್ಣಯ್ಯ ಸಾರ್ ಸೌಟಿನಲ್ಲೇ ರುಚಿ ನೋಡಿ ಕಣ್ಣು ಮುಚ್ಚಿದರು. ನೇಮಕಾತಿ ಮುಗಿಯಿತು.

ಸೆಪ್ಟೆಂಬರ್ 14, ಭಾನುವಾರ

ಒಬ್ಬಟ್ಟು. ಭಾನುವಾರ ಅಂತ ಅಷ್ಟೆ, ಬೇರೆ ಕಾರಣವೇ ಇಲ್ಲ. ಕಾಯಿಹಾಲು ಬೇರೆ. ನಲವತ್ತು ಜನಕ್ಕೆ ಮಾಡಿ ಅಂದರೆ ಅವರ ಕೈ ನಾನೂರಕ್ಕೇ ಓಡುತ್ತದೆ. ಉಳಿದದ್ದನ್ನು ರಾತ್ರಿಯೂ ತಿಂದೆವು.

ಸೀನಿಯರ್‌ಗಳು ನನ್ನನ್ನು "ಎಚ್ಚಾರ್" ಎಂದು ಕರೆಯಲು ಶುರು ಮಾಡಿದ್ದಾರೆ, ಕಂಪನಿಗಳಲ್ಲಿ ಕೆಲಸಕ್ಕೆ ಜನ ತೆಗೆದುಕೊಳ್ಳುವ ಎಚ್.ಆರ್. ಹಾಗೆ. "ಎಚ್ಚಾರ್ ಬಂದ, ಜಾಗ ಬಿಡ್ರೋ!" ಇಷ್ಟು ದಿನ ನನಗೆ ಹೆಸರು ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ 18, ಗುರುವಾರ

ಅವ್ವ ಫೋನ್ ಮಾಡಿತ್ತು. ತಿಪ್ಪಯ್ಯನ ವಿಷಯವೆಲ್ಲ ಹೇಳಿದೆ.

"ಪಕ್ಷದಾಗೆ ಮದುವೆ ಅಡುಗೆಯೋನು ಸಿಕ್ಕಿದ್ನಾ? ಸಿಕ್ಕೇ ಸಿಗ್ತಾನೆ ಬುಡು" ಎಂದಿತು.

ಅವ್ವನ ಬಾಯಲ್ಲಿ ಹೊಗಳಿಕೆ ಬರುವುದೇ ಅಪರೂಪ. ಖುಷಿಯಾಯಿತು. ತಿಪ್ಪಯ್ಯ ಅರೆಯುವ ಚಟ್ನಿ ಬಗ್ಗೆಯೂ ಹೇಳಿದೆ. ಅವ್ವ ಯಾಕೋ ನಗುತ್ತಲೇ ಇತ್ತು.

ಸೆಪ್ಟೆಂಬರ್ 22, ಸೋಮವಾರ

ನಿನ್ನೆ ಮಹಾಲಯ ಅಮಾವಾಸ್ಯೆ. ಇವತ್ತು ಬೆಳಿಗ್ಗೆ ತಿಪ್ಪಯ್ಯ ಸ್ನಾನ ಮಾಡಿ, ಹಣೆಗೆ ಇಟ್ಟುಕೊಂಡು, ಸೌಟು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ರೂಮಿಗೆ ಬಂದರು.

"ಬತ್ತೀನಿ ಕಣಪ್ಪ."

"ಎಲ್ಲಿಗೆ?"

"ಇವತ್ತು ಒಂದು ನಾಮಕರಣ, ನಾಡಿದ್ದು ಗೃಹಪ್ರವೇಶ. ಆಮೇಲೆ ಸಾಲಾಗಿ ಒಪ್ಕೊಂಡಿದ್ದೀನಿ. ಪಕ್ಷ ಮುಗೀತಲ್ಲ."

ಆಗ ತಲೆಗೆ ಹೋಯಿತು. ಪಿತೃಪಕ್ಷದಲ್ಲಿ ಯಾರೂ ಮದುವೆ ಮಾಡುವುದಿಲ್ಲ, ಮನೆ ಒಕ್ಕಲಾಗುವುದಿಲ್ಲ, ಯಾವ ಶುಭಕಾರ್ಯವೂ ಇಲ್ಲ. ಆ ಹದಿನೈದು ದಿನ ಊರಿನ ಅಷ್ಟೂ ಮದುವೆ ಅಡುಗೆಯವರು ಖಾಲಿ ಕೂತಿರುತ್ತಾರೆ. ತಿಪ್ಪಯ್ಯ ಹಾಸ್ಟೆಲಿಗೆ ಕೆಲಸಕ್ಕೆ ಬಂದಿರಲೇ ಇಲ್ಲ, ಕೈ ಮರೆಯದಿರಲಿ ಅಂತ ಬಂದಿದ್ದರು.

"ಮತ್ತೆ ಮೊದಲೇ ಹೇಳಬಾರದಾಗಿತ್ತಾ?" ಎಂದೆ.

"ನೀನು ಕೇಳಿದ್ದು ಐದು ವರ್ಷದ ಮೇಲೆ ಎಲ್ಲಿರ್ತೀಯ ಅಂತ. ಹದಿನೈದು ದಿನದ ಮೇಲೆ ಎಲ್ಲಿರ್ತೀಯ ಅಂತ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಎಂದು ಬೆನ್ನು ತಟ್ಟಿ ಹೋದರು.

ಅಣ್ಣಯ್ಯ ಸಾರ್ ತಲೆ ಮೇಲೆ ಕೈ ಹೊತ್ತು ಕೂತರು. ಪಕ್ಷ ಅಂತ ಅವರಿಗೂ ಹೊಳೆದಿರಲಿಲ್ಲವೇ ಎಂದು ಕೇಳಿದರೆ, "ಹೊಳೀತು ಕಣಯ್ಯ. ಮೂರನೇ ದಿನವೇ ಹೊಳೀತು. ಅಷ್ಟರಲ್ಲಿ ಒಬ್ಬಟ್ಟು ಮಾಡಿದ್ನಲ್ಲ" ಎಂದರು.

ಟ್ರಸ್ಟಿನವರು ಬರುವುದು ಮುಂದಿನ ಸೋಮವಾರ. ಮಧ್ಯಾಹ್ನ ಚಿತ್ರಾನ್ನ. ಎಚ್ಚಾರ್ ಎಂದು ಯಾರೂ ಕರೆಯಲಿಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಅವ್ವನಿಗೆ ನಾನೇ ಫೋನ್ ಮಾಡಿದೆ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಜಗಳ ತೆಗೆದೆ.

"ಹೇಳಿದ್ನಲ್ಲೋ ನಾನು! ನೀನು ಚಟ್ನಿ ಕತೆ ಹೇಳ್ಕೊಂಡು ಕುಂತೆ. ಇನ್ನೊಬ್ಬಾಕೆ ಬಂದಿದ್ಲು ಅಂದ್ಯಲ್ಲ, ಆಯಮ್ಮ ಏನಾದ್ಲು?"

ಕುರ್ಚಿ, ಪ್ರಶ್ನೆ, ಗೇಟು, ಎಲ್ಲ ಹೇಳಿದೆ.

"ಥೂ ನಿನ್ನ! ಕುರಿಗೆ ಆಳು ಬೇಕಾದ್ರೆ ನಿಮ್ಮಪ್ಪ ಕುರ್ಚಿ ಹಾಕ್ಕೊಂಡು ಕುಂತ್ಕತಾನೇನ್ಲಾ? ಎಲೆ ಅಡಿಕೆ ಹಿಡ್ಕೊಂಡು ಅವರ ಬಾಗ್ಲಿಗೆ ಹೋಗ್ತಾನೆ. ಅವರು ಇಕ್ಕಿದ್ದು ಉಣ್ತಾನೆ. ಆಮ್ಯಾಕೆ ಬಾಯಿ ಬಿಡ್ತಾನೆ. ನಮ್ಮ ಕುರಿ ಅವರ ಕೈಗೆ ಕೊಡೋರು ನಾವು, ಜೋರು ಮಾಡಿದ್ರೆ ಆಯ್ತದಾ?"

ಇದು ಮೀನಾ ಮೇಡಂ ನೋಟ್ಸ್‌ನಲ್ಲಿ ಇಲ್ಲ. ನಾಳೆ ಹಾಲ್ಕುರಿಕೆಗೆ ಹೋಗಬೇಕು. ಅಪರಿಚಿತರ ಮನೆ ಬಾಗಿಲನ್ನು ನಾನು ಇದುವರೆಗೆ ತಟ್ಟಿಲ್ಲ.

ಸೆಪ್ಟೆಂಬರ್ 24, ಬುಧವಾರ

ಎಲೆ, ಅಡಿಕೆ, ಬಾಳೆಹಣ್ಣು, ಒಂದು ತೆಂಗಿನಕಾಯಿ ಕವರಿಗೆ ಹಾಕಿಕೊಂಡು ಬಸ್ ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಕವರೊಳಗೆ ಇಣುಕಿ, "ಹಾಲ್ಕುರಿಕೆಗೆ ದುಡ್ಡು ಕೊಟ್ಟು ಕಾಯಿ ತಗೊಂಡು ಹೋಗ್ತಾ ಇದೀಯಾ? ಯಾವೂರಪ್ಪ ನಿಂದು?" ಎಂದರು. ಬಸ್ಸಿನ ಕಿಟಕಿಯಾಚೆ ಎರಡೂ ಕಡೆ ತೋಟವೇ ತೋಟ. ಕವರನ್ನು ಕಾಲಡಿಗೆ ತಳ್ಳಿದೆ.

ಅಂಕಮ್ಮ ಅಂಗಳದಲ್ಲಿ ಕೂತು ಗರಿಯಿಂದ ಕಡ್ಡಿ ತೆಗೆದು ಪೊರಕೆ ಕಟ್ಟುತ್ತಿದ್ದರು. ನನ್ನನ್ನು ನೋಡಿ, "ಓ, ಯಾಕೆ ಕೊಡಬೇಕು ಅನ್ನೋ ಹುಡುಗ" ಎಂದರು. ಅವರೇನೂ ಯಾಕೆ ಬಂದೆ ಎಂದು ಕೇಳಲಿಲ್ಲ. ಚಾಪೆ ಹಾಕಿದರು. ಮುದ್ದೆ, ಸೊಪ್ಪಿನ ಸಾರು ಇಟ್ಟರು. ಉಂಡೆ. ತಿಪ್ಪಯ್ಯನ ಅಡುಗೆಯ ಅಬ್ಬರ ಇದರಲ್ಲಿ ಇಲ್ಲ. ಆದರೆ ಇದನ್ನು ದಿನಾ ಉಣ್ಣಬಹುದು ಎನ್ನಿಸಿತು. ಕೈ ತೊಳೆದು ಎಲೆ ಅಡಿಕೆ ಮುಂದಿಟ್ಟೆ.

"ತಪ್ಪಾಯ್ತು ಅಕ್ಕ. ನೀವು ಬರಬೇಕು" ಎಂದೆ. ಇಡೀ ಬಸ್ಸು ದಾರಿ ಸಿದ್ಧ ಮಾಡಿಕೊಂಡಿದ್ದ ಭಾಷಣದಲ್ಲಿ ಉಳಿದದ್ದು ಅಷ್ಟೆ.

ಅವರು ಎಲೆ ಅಡಿಕೆ ಮುಟ್ಟಲಿಲ್ಲ. "ಮೊದ್ಲಿದ್ದೋಳು ಯಾಕೆ ಬುಟ್ಟೋದ್ಲು?"

"ಗೊತ್ತಿಲ್ಲ."

"ಅಷ್ಟು ವರ್ಷ ಆಯಮ್ಮನ ಕೈಲಿ ಉಂಡೋರು, ಒಬ್ಬರೂ ಕೇಳ್ಲಿಲ್ವಾ?"

"ನಾನು ಉಂಡಿದ್ದು ಎರಡೇ ತಿಂಗಳು ಅಕ್ಕ."

"ಎರಡು ತಿಂಗಳಲ್ಲಿ ಬಾಯಿ ಉಣ್ಣೋಕೆ ಮಾತ್ರ ಇತ್ತಾ? ಹೋಗಿ ಕೇಳ್ಕೊಂಡು ಬಾ. ಅವಳು ಬಿದ್ದ ಗುಂಡಿ ಎಲ್ಲೈತೆ ಅಂತ ಗೊತ್ತಾಗ್ದಲೆ ನಾನ್ಯಾಕೆ ಆ ದಾರೀಲಿ ಕಾಲಿಡ್ಲಿ?"

ಬರುವಾಗ ನನ್ನ ಕೈಗೆ ಎರಡು ತೆಂಗಿನಕಾಯಿ ಕೊಟ್ಟು ಕಳಿಸಿದರು.

ಸೆಪ್ಟೆಂಬರ್ 25, ಗುರುವಾರ

ಕಿಬ್ಬನಹಳ್ಳಿಗೆ ಹೋಗಿದ್ದೆ. ಫ್ಯಾಕ್ಟರಿ ಗೇಟಿನ ಸೆಕ್ಯುರಿಟಿಯವರು ಯಾರು ಬೇಕು, ಏನು ಕೆಲಸ, ಯಾಕೆ ಎಂದೆಲ್ಲ ಕೇಳಿದರು. ಹೇಳಿದೆ. ಒಳಗೆ ಬಿಟ್ಟರು.

ಹುಚ್ಚಕ್ಕ ತಲೆಗೆ ನೀಲಿ ಟೋಪಿ ಹಾಕಿಕೊಂಡಿದ್ದರು. ಗುರುತೇ ಸಿಗಲಿಲ್ಲ. "ನಗಬ್ಯಾಡ ಕಣ್ಲಾ. ಕೂದ್ಲು ಬೀಳಬಾರ್ದಂತೆ. ನಿಮ್ಮಲ್ಲಿ ಬಿದ್ದಿದ್ರೆ ಎತ್ತಿ ಆಚೆ ಇಟ್ಟು ಉಣ್ತಿದ್ರಿ, ಪಾಪ" ಎಂದರು. ಬೆಂಚಿನ ಮೇಲೆ ಕೂರಿಸಿ ಟೀ ಕೊಟ್ಟರು.

ಯಾಕೆ ಬಿಟ್ಟಿರಿ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟರು.

"ಯಾರಾದ್ರೂ ಕೇಳ್ತಾರೆ ಅಂತ ಆವತ್ತು ಬಡಿಸ್ತಾ ಬಡಿಸ್ತಾ ಹೇಳಿದೆ. ನೀವು ಸಾರು ಕೇಳಿದ್ರಿ."

ಸಂಬಳದ ಮಾತೇ ಅಲ್ಲ. ಭಾನುವಾರ ಅಂತ ಒಂದು ದಿನ ಇರುತ್ತದೆ ಅನ್ನುವುದೇ ಅವರಿಗೆ ಮರೆತಿತ್ತಂತೆ. ಹಬ್ಬಕ್ಕೆ ಎಲ್ಲರೂ ಊರಿಗೆ ಹೋದರೂ ಹೋಗದೆ ಉಳಿಯುವ ನಾಲ್ಕು ಜನ ಇರುತ್ತಾರೆ, ಅವರಿಗೋಸ್ಕರ ಇವರು ಉಳಿಯಬೇಕು. ಮಗಳು ಬಾಣಂತನಕ್ಕೆ ಬಂದಾಗಲೂ ಬೆಳಿಗ್ಗೆ ಹಾಸ್ಟೆಲಿನಲ್ಲಿ ಬೇಯಿಸಿಟ್ಟು, ಮಧ್ಯಾಹ್ನ ಮನೆಗೆ ಓಡಿ, ಸಂಜೆ ಮತ್ತೆ ಹಾಸ್ಟೆಲಿಗೆ.

"ಅಣ್ಣಯ್ಯನೋರು ಕೆಟ್ಟೋರಲ್ಲ ಕಣ್ಲಾ. ಅವರಿಗೂ ರಜ ಇಲ್ಲ. ಅದಕ್ಕೇ ಇನ್ನೊಬ್ಬರಿಗೆ ಬೇಕು ಅಂತ ಹೊಳ್ಯಾದಿಲ್ಲ. ಇಲ್ಲಿ ನೋಡು, ಭಾನುವಾರ ಬಂದ್ರೆ ಒಳಕ್ಕೇ ಬುಡಾದಿಲ್ಲ. ಮೊದಲನೇ ವಾರ ಗೊತ್ತಿಲ್ದೆ ಬಂದು ಗೇಟ್ ಹತ್ರ ನಿಂತಿದ್ದೆ!" ಎಂದು ಅವರೇ ನಕ್ಕರು.

ನಾನು ಟೀ ಕುಡಿದೆ. ಬೇರೆ ಏನು ಮಾಡಬೇಕೋ ಗೊತ್ತಾಗದೆ ಲೋಟ ತೊಳೆದಿಟ್ಟೆ.

ಸೆಪ್ಟೆಂಬರ್ 26, ಶುಕ್ರವಾರ

ಊಟದ ಹಾಲಿನಲ್ಲಿ ಮೀಟಿಂಗ್. ಅಡುಗೆಯವರಿಗೆ ಭಾನುವಾರ ರಜ, ಆ ದಿನ ನಾವೇ ಪಾಳಿಯ ಮೇಲೆ ಮಾಡಿಕೊಳ್ಳಬೇಕು, ಹಬ್ಬಕ್ಕೂ ರಜ ಎಂದೆ. ಗಲಾಟೆ ಎದ್ದಿತು. "ಭಾನುವಾರ ಒಂದೇ ನಿದ್ದೆ ಮಾಡೋ ದಿನ ಕಣೋ!" "ಈರುಳ್ಳಿ ಹೆಚ್ಚೋಕೆ ಡ್ಯೂಟಿ ಹಾಕ್ತಾನಂತೆ, ಯಾರೋ ಇವನು?"

ಅಣ್ಣಯ್ಯ ಸಾರ್ ಕೂಡ, "ರಜಾನಾ? ನನಗೇ ಇಲ್ವಲ್ಲಯ್ಯ!" ಎಂದರು.

"ನೀವೂ ತಗೊಳ್ಳಿ ಸಾರ್" ಎಂದೆ. ಬಹುಶಃ ಇದುವರೆಗೆ ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಆಮೇಲೆ ಏನೇನೋ ಹೇಳಿದೆ, ಸರಿಯಾಗಿ ನೆನಪಿಲ್ಲ. ಹುಚ್ಚಕ್ಕ ಗೇಟಿನ ಹತ್ತಿರ ನಿಂತದ್ದು, ಮಗಳ ಬಾಣಂತನ, ನಮ್ಮ ಹಟ್ಟಿ ಎಷ್ಟು ದೂರ ಅನ್ನುವುದು. ರೂಮಿಗೆ ಬಂದಮೇಲೆ ಸಿದ್ದಾರ್ಥ್, "ಏನ್ಲಾ ಅದು, ನೀರು ಕುಡೀದೆ ಅಷ್ಟೊತ್ತು ಮಾತಾಡ್ದೆ! ಮೂರನೇ ವರ್ಷದೋರು ಮೊಬೈಲ್ ಕೆಳಗಿಟ್ಟಿದ್ರು" ಎಂದ. ಉತ್ಪ್ರೇಕ್ಷೆ ಮಾಡುವುದು ಅವನ ಸ್ವಭಾವ.

ಸಾರ್ ಸೇರಿ ಎಲ್ಲರೂ ಒಪ್ಪಿದರು. ಮುಖ್ಯ ಅಷ್ಟು. ಅಂಕಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಬಾಯಲ್ಲಿ ಹೇಳಾದು ಬ್ಯಾಡ. ಈ ಭಾನುವಾರ ನೀವು ಮಾಡ್ರಿ. ನಾನು ಉಣ್ಣಾಕೆ ಬತ್ತೀನಿ, ನೋಡಾನ."

ಸೆಪ್ಟೆಂಬರ್ 27, ಶನಿವಾರ

ಮೀನಾ ಮೇಡಂ ಮತ್ತೆ ಎಬ್ಬಿಸಿ ಎರಡು ನಿಮಿಷ ಮಾತಾಡು ಎಂದರು. ಅಂಕಮ್ಮನ ವಿಷಯ ಹೇಳುತ್ತಾ ಇದ್ದೆ, ಹುಚ್ಚಕ್ಕನ ಟೋಪಿಗೆ ಬರುವಷ್ಟರಲ್ಲಿ ಬೆಲ್ ಹೊಡೆಯಿತು. ಮುಖ್ಯವಾದ ಪಾಯಿಂಟೇ ಉಳಿದುಹೋಯಿತು. ಮೇಡಂ ಏನೋ ಬರೆದುಕೊಳ್ಳುತ್ತಿದ್ದರು. ಕೇಳಲು ಪುರುಸೊತ್ತಿರಲಿಲ್ಲ, ಸಂತೆಗೆ ಹೋಗಿ ಸೊಪ್ಪು ತರಬೇಕಿತ್ತು.

ಸೆಪ್ಟೆಂಬರ್ 28, ಭಾನುವಾರ

ಇಷ್ಟು ಉದ್ದದ ದಿನ ನಾನು ನೋಡಿಲ್ಲ.

ಐದು ಜನ ಅಡುಗೆಗೆ ನಿಂತೆವು. ಸಾರು ಪರವಾಗಿಲ್ಲ. ಅನ್ನ ತಳ ಹಿಡಿಯಿತು. ಮುದ್ದೆ ತೊಳಸಲು ಇಬ್ಬರು ಒಂದೇ ಕೋಲು ಹಿಡಿದು, ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ತಿರುವಿದರು. ಅಂಕಮ್ಮ ಹೊಸ ಸೀರೆ ಉಟ್ಟು ಬಂದರು. ಸಾಲಿನಲ್ಲಿ ನಮ್ಮ ಜೊತೆಗೇ ಕೂತರು. ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದೆವು. ಒಂದು ತುತ್ತು ಮುರಿದು ಸಾರಿಗೆ ಅದ್ದಿ ನುಂಗಿದರು.

"ಮುದ್ದೆ ನುಂಗ್ತಾರೆ ಅಂತ ಕೇಳಿದ್ದೆ. ಅಗಿಯೋ ಮುದ್ದೆ ಇದೇ ಮೊದ್ಲು."

ಅಣ್ಣಯ್ಯ ಸಾರ್‌ಗೆ ನಕ್ಕು ಕೆಮ್ಮು ಬಂತು. ಆದರೂ ಅಂಕಮ್ಮ ತಟ್ಟೆಯಲ್ಲಿ ಏನೂ ಬಿಡಲಿಲ್ಲ. ಕೈ ತೊಳೆದು ನೆಟ್ಟಗೆ ಅಡುಗೆಮನೆಗೆ ನಡೆದರು. ನಾವು ಹಿಂದೆ ಹಿಂದೆ.

"ಅಡುಗೆ ಹೆಂಗಾದ್ರೂ ಇರ್ಲಿ, ಅದಕ್ಕೆ ನಾನಿದ್ದೀನಿ. ನಿಮ್ಮ ಭಾನುವಾರದ ಪಾತ್ರೆ ಸೋಮವಾರದವರೆಗೆ ನನಗೋಸ್ಕರ ಕಾಯ್ಕೊಂಡಿರ್ತಾವಾ ಅಂತ ನೋಡಾಕೆ ಬಂದಿದ್ದು."

ತೊಳೆದಿಟ್ಟ ಪಾತ್ರೆಗಳ ಅಂಚಿನ ಮೇಲೆ ಬೆರಳಾಡಿಸಿದರು. ಒಲೆ ಕಟ್ಟೆ ನೋಡಿದರು. ಬಚ್ಚಲು ನೋಡಿದರು. ಸಮಾಧಾನವಾದ ಹಾಗೆ ಕಂಡಿತು. ಹೊರಡುವಾಗ ಅಕ್ಕಿ ಮೂಟೆಯ ಹಿಂದಕ್ಕೆ ಯಾಕೆ ಬಗ್ಗಿದರೋ! ತಳ ಸೀದ ಅನ್ನದ ಪಾತ್ರೆಯನ್ನು ಸಿದ್ದಾರ್ಥ್ ಅಲ್ಲಿ ಬಚ್ಚಿಟ್ಟಿದ್ದ. ಎತ್ತಿ ನಡುವೆ ಇಟ್ಟರು. ಸೆರಗು ಸರಿ ಮಾಡಿಕೊಂಡು ಬಾಗಿಲ ಕಡೆ ತಿರುಗಿದರು.

"ಅದು ನಾವು ಬಚ್ಚಿಟ್ಟಿದ್ದು ಅಕ್ಕ. ಒಂದು ಗಳಿಗೆ ಇರಿ" ಎಂದು ಪಾತ್ರೆ ಎಳೆದುಕೊಂಡು ಬಚ್ಚಲಿಗೆ ಕೂತೆ. ಬೂದಿ, ತೆಂಗಿನ ನಾರು ತೆಗೆದುಕೊಂಡು ಉಜ್ಜಿದೆ. ಬರಲಿಲ್ಲ. ಸಿದ್ದಾರ್ಥ್ ಬಂದು ನೀರು ಹಾಕಿದ. ಆಗಲೂ ಬರಲಿಲ್ಲ. ಆಮೇಲೆ ಪಕ್ಕದಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತರು. ನೋಡಿದರೆ ಅಣ್ಣಯ್ಯ ಸಾರ್, ಪ್ಯಾಂಟು ಮಡಿಸಿಕೊಂಡು.

"ಸರಿಯಯ್ಯ ಆ ಕಡೆ. ಉಜ್ಜೋದೂ ಒಂದು ಕಲೆ" ಎಂದರು. ಅವರಿಗೂ ಬರಲಿಲ್ಲ. ಮೂರೂ ಜನ ಸೇರಿ ತಿಕ್ಕಿ ತಿಕ್ಕಿ ಕೊನೆಗೆ ತಳದಲ್ಲಿ ಒಂದು ಮುಖ ಕಾಣುವಷ್ಟು ಬೆಳ್ಳಗಾಯಿತು.

ಅಂಕಮ್ಮ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತೇ ಇದ್ದರು. "ನಾಳೆ ದೊಡ್ಡೋರು ಬರ್ತಾರಂತಲ್ಲ, ಎಷ್ಟು ಜನ? ಉಪ್ಪಿಟ್ಟು ಮಾಡಿದ್ರೆ ಸಾಕಾ?" ಎಂದರು.

ಸೆಪ್ಟೆಂಬರ್ 29, ಸೋಮವಾರ

ಟ್ರಸ್ಟಿನವರು ಬಂದರು. ಉಪ್ಪಿಟ್ಟು ತಿಂದರು. ಕೊಬ್ಬರಿ ದಾಸ್ತಾನಿನ ಮಾತು ಎತ್ತಬೇಕೆಂದಿದ್ದವರು ಇನ್ನೊಂದು ಸಲ ಹಾಕಿಸಿಕೊಂಡು ಎತ್ತಲಿಲ್ಲ. ಹಾಸ್ಟೆಲ್ ಇರುತ್ತದೆ. ದಸರಾ ರಜ ಶುರು, ಸಂಜೆ ಬಸ್ಸಿಗೆ ಊರಿಗೆ.

ಅಕ್ಟೋಬರ್ 14, ಮಂಗಳವಾರ

ರಜ ಮುಗಿದು ಬಂದಮೇಲೆ ಬರೆಯಲು ಆಗಿರಲಿಲ್ಲ. ಪಾಳಿ ಚಾರ್ಟ್ ಮಾಡುವುದು, ಬದಲಾಯಿಸುವುದು, ಅದರ ಜಗಳ ಬಿಡಿಸುವುದೇ ಆಯಿತು.

ಇವತ್ತು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್. ಚಿಕ್ಕನಾಯಕನಹಳ್ಳಿಯಲ್ಲಿ ಹೋಟೆಲ್ ಇಟ್ಟಿರುವವರಂತೆ.

"ನಿಮ್ಮಲ್ಲಿ ಅಂಕಮ್ಮ ಅಂತ ಇದಾರಲ್ಲ, ನಮ್ಮಲ್ಲಿಗೆ ಕರೆಯಾನ ಅಂತಿದೀವಿ. ಕೇಳೋದಾದ್ರೆ ಶಶಿ ಅಂತ ಹುಡುಗ ಅವ್ನೆ, ಅವನ್ನ ಕೇಳ್ರಿ ಅಂತ ಆಯಮ್ಮನೇ ನಿನ್ನ ನಂಬರ್ ಕೊಟ್ರು. ಹೆಂಗಪ್ಪ ಅಡುಗೆ?"

ಉಪ್ಪು ಜಾಸ್ತಿ ಎನ್ನಬೇಕು ಅನ್ನಿಸಿತು. ಬಾಯಿ ಜೋರು ಎನ್ನಬೇಕು ಅನ್ನಿಸಿತು, ಅದು ಸುಳ್ಳೂ ಅಲ್ಲ. "ನಮ್ಮ ಹಾಸ್ಟೆಲಲ್ಲಿ ಈಗ ಯಾರೂ ಹೊರಗೆ ತಿನ್ನಲ್ಲ ಸಾರ್" ಎಂದೆ.

"ಅಷ್ಟು ಸಾಕು ಬುಡಪ್ಪ" ಎಂದು ಅವರು ಇಡುವುದರಲ್ಲಿದ್ದರು. "ಒಂದು ನಿಮಿಷ ಸಾರ್, ಅವರೇ ಇದಾರೆ, ಮಾತಾಡಿ" ಎಂದು ಫೋನ್ ಹಿಡಿದುಕೊಂಡು ಅಡುಗೆಮನೆಗೆ ಹೋದೆ.

"ಹೋಗ್ತೀರಾ ಅಕ್ಕ?" ಎಂದು ಕೇಳಿದೆ.

"ಇಷ್ಟು ವರ್ಷ ಬರ್ತೀಯಾ ಅಂತ ಕೇಳೋರೂ ಇರ್ಲಿಲ್ಲ, ಹೋಗ್ತೀಯಾ ಅಂತ ಕೇಳೋರೂ ಇರ್ಲಿಲ್ಲ. ಇವತ್ತು ಒಟ್ಟಿಗೇ ಇಬ್ರು" ಎಂದು ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡರು. ನಾನು ಆಚೆ ಹೋಗಲಿಲ್ಲ. ಹೋಗಬೇಕಿತ್ತೇನೋ.

"ಹೂಂ ಕಣಣ್ಣ... ಅದೆಲ್ಲ ಸರಿ, ಭಾನುವಾರ?... ವ್ಯಾಪಾರ ಇರ್ತದೆ, ಗೊತ್ತು. ಬೇರೆ ವಾರ?... ಹೂಂ, ಅದು ಪರವಾಗಿಲ್ಲ. ದೀಪಾವಳಿಗೆ?... ಎರಡು ದಿನಾನಾ?"

ಫೋನಿನ ಮೇಲೆ ಅಂಗೈ ಒತ್ತಿ ನನ್ನ ಕಡೆ ತಿರುಗಿದರು. "ಇಲ್ಲಿ ದೀಪಾವಳಿಗೆ ಎಷ್ಟು ದಿನ ಅಂದ್ರು ಸಾಹೇಬ್ರು?"

ಅಣ್ಣಯ್ಯ ಸಾರ್ ಒಂದು ದಿನ ಎಂದಿದ್ದರು.

"ಮೂರು" ಎಂದೆ.

ಅಂಕಮ್ಮ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಇಲ್ಲಿ ಮೂರು ಕೊಡ್ತಾರಂತೆ ಕಣಣ್ಣ. ಇಡ್ತೀನಿ" ಎಂದು ಫೋನ್ ನನ್ನ ಕೈಗೆ ಕೊಟ್ಟು ಒಗ್ಗರಣೆಗೆ ಸಾಸಿವೆ ಹಾಕಿದರು.

ಇದನ್ನು ಈಗ ಅಣ್ಣಯ್ಯ ಸಾರ್‌ಗೆ ಹೇಳಬೇಕು. ಊಟಕ್ಕೆ ಕೂತಿದ್ದಾರೆ, ನಾನು ಬರೆಯುತ್ತಿರುವ ಬೆಂಚಿಗೆ ಕಾಣಿಸುತ್ತಾರೆ. ಮೊದಲನೇ ಮುದ್ದೆ ಮುಗಿದಿದೆ. ಅಂಕಮ್ಮ ಎರಡನೆಯದನ್ನು ಇಟ್ಟು, ಮೇಲೆ ಸಾರು ಬಿಟ್ಟು, ತುಪ್ಪವನ್ನೂ ಬಿಡುತ್ತಿದ್ದಾರೆ. ಅದು ಅರ್ಧ ಇಳಿಯಲಿ. ಆಮೇಲೆ ಹೋಗುತ್ತೇನೆ.